ಅಂಚಿಲ್ಲದ ಬಟ್ಟೆ

ಬೆನ್ನಿನ ಮೇಲೆ ಪೂನಮಳ ಬೆರಳುಗಳು ತಣ್ಣಗಿವೆ, ಕುಪ್ಪಸದ ಕೊಕ್ಕೆ ಹಾಕುತ್ತಿದ್ದಾಳೆ, ಉಸರ ಹಿಡಿ ಶೈಲಕ್ಕ, ಇನ್ನೊಂದ ಉಳದೈತಿ, ಹಿಡಿದೆ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಮಾತಾಡುತ್ತಾಳೆ, ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಮಾತಾಡುವ ಹಾಗೆ, ಎಂದಾದರೂ ನುಂಗುತ್ತಾಳೆ — ಇಷ್ಟು ದೊಡ್ಡ ಮಂಗಲ ಕಾರ್ಯಾಲಯ, ಮದುಮಗಳ ಕೋಣೆಗೆ ಒಂದೇ ಕನ್ನಡಿ, ಅದರಲ್ಲೂ ಅರ್ಧ ಪಾದರಸ ಹೋಗಿದೆ, ಚಿಕ್ಕೋಡಿಯ ಮದುವಣಗಿತ್ತಿಯರೆಲ್ಲ ಅರ್ಧ ಮುಖ ನೋಡಿಕೊಂಡೇ ಗಂಡನ ಮನೆಗೆ ಹೋದರೇನೋ, ಇನ್ನರ್ಧ ಅಲ್ಲಿ ಹೋದಮೇಲೆ ಗೊತ್ತಾಗಿರಬೇಕು — ಉಳಿದ ಅರ್ಧದಲ್ಲಿ ನನ್ನ ಎದೆ, ಕೆನೆ ಬಣ್ಣದ ಕುಪ್ಪಸ, ಅದರ ಎಡಗಡೆ, ಕಾಣುತ್ತದೆಯೇ, ಬಗ್ಗಿ ನೋಡಿದೆ, ಇಲ್ಲ, ಕಾಣುವುದಿಲ್ಲ, ಇನ್ನೂ ಬೆವರಿಲ್ಲವಲ್ಲ. ಹೊರಗೆ ಮಹಿಳಾ ಮಂಡಳದ ಅರಿಶಿನ ಕುಂಕುಮ ನಡೆದಿದೆ, ಅಧ್ಯಕ್ಷೆ ಮೈಕಿನಲ್ಲಿ ಸ್ತ್ರೀಶಕ್ತಿ ಎನ್ನುತ್ತಿದ್ದಾಳೆ, ಅರ್ಧ ಕನ್ನಡ, ಅರ್ಧ ಮರಾಠಿ, ಎರಡರಲ್ಲೂ ಒಂದೇ ಸುಳ್ಳು, ಅದಾದ ಮೇಲೆ ಒಡಪು ಹಾಕಿ ಗಂಡನ ಹೆಸರು ಹೇಳಿ ನಾಚಿಕೊಳ್ಳುವವರು, ನಾಚಿಕೆಯೂ ಪ್ರತಿ ವರ್ಷ ಅದೇ, ಆಮೇಲೆ ನಾವು ಆರು ಮಂದಿ, ಢೋಲಕಿಯ ಹಾಡಿಗೆ, ಮುಂದಿನ ಸಾಲಿನ ನಡುವೆ ನಾನು. ನಾನೇ ಯಾಕೆ, ನೀ ಕಾಲೇಜಿನ್ಯಾಗ ಕುಣೀತಿದ್ದೆಲ್ಲ ಅಕ್ಕಾ, ಎಂದವಳು ಈ ಪೂನಮಳೇ, ಹೌದು, ಕುಣಿಯುತ್ತಿದ್ದೆ, ಕುಣಿಯುವುದನ್ನು ಬಿಟ್ಟದ್ದು ಹೇಗೆಂದು ಇವಳಿಗೆ ಗೊತ್ತಿಲ್ಲ, ನಿಪ್ಪಾಣಿಗೆ ಗೊತ್ತು.

ನಾನು ಓದಿದ ನಿಪ್ಪಾಣಿಯ ಕಾಲೇಜು, ವಾರ್ಷಿಕ ಗ್ಯಾದರಿಂಗಿನ ಸಂಜೆ, ಹಾಡಿನಲ್ಲಿ ಎರಡೂ ಕೈ ಮೇಲೆತ್ತುವ ಜಾಗ, ಬ್ರಾದ ಪಟ್ಟಿಯ ಪ್ಲಾಸ್ಟಿಕ್ ಉಂಗುರ ಟಪ್ ಎಂದಿತು, ಎಷ್ಟು ಸಣ್ಣ ಸದ್ದು, ನನಗೊಬ್ಬಳಿಗೇ ಕೇಳಿಸಿದ್ದು, ಆದರೆ ಒಂದು ಎದೆ ಕೆಳಗಿಳಿಯಿತು, ಅದು ಎಲ್ಲರಿಗೂ ಕಂಡಿತು, ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿ ಹಾಕಿ ನಿಂತುಬಿಟ್ಟೆ, ಉಳಿದವರು ನನ್ನ ಸುತ್ತ ಕುಣಿಯುತ್ತಲೇ ಇದ್ದರು, ನಾನು ವೃತ್ತದ ನಡುವಿನ ಪುತ್ಥಳಿ, ಹಿಂದಿನ ಬೆಂಚುಗಳಿಂದ ಒನ್ಸ್ ಮೋರ್, ಒನ್ಸ್ ಮೋರ್, ಪದವಿಯವರೆಗೆ ಓದಿ ಆ ಎರಡೇ ಇಂಗ್ಲಿಷ್ ಶಬ್ದ ಕಲಿತ ಗಂಡಸರು, ಅವರಲ್ಲೊಬ್ಬ ಈಗ ಸೊಸೈಟಿಯ ಸೆಕ್ರೆಟರಿ, ಎದುರು ಸಿಕ್ಕರೆ ನಮಸ್ಕಾರ್ರಿ ಮೇಡಮ್ ಎಂದು ಕೈ ಜೋಡಿಸುತ್ತಾನೆ, ಕಣ್ಣು ಮಾತ್ರ ಕುತ್ತಿಗೆಯಿಂದ ಕೆಳಗೆ, ಆ ಕಣ್ಣಿನಲ್ಲಿ ಇನ್ನೂ ಒನ್ಸ್ ಮೋರ್. ಕತ್ತರಿ ಹಾಕಿದ ಕೈ, ಹಾಗೇ ನಡೆದು ವೇದಿಕೆ ಇಳಿದದ್ದು, ಹಾಗೇ ಬಸ್ಸು ಹತ್ತಿದ್ದು, ಒಮ್ಮೊಮ್ಮೆ ಅನಿಸುತ್ತದೆ ಆ ಕೈಗಳನ್ನು ನಾನು ಇನ್ನೂ ಇಳಿಸಿಲ್ಲ ಎಂದು, ಹಾಗೇ ಪಾಠ ಮಾಡುತ್ತೇನೆ, ಹಾಗೇ ರೊಟ್ಟಿ ಬಡಿಯುತ್ತೇನೆ.

ಅದಕ್ಕೇ ಈ ಸಲ ಮೊದಲು ಒಳಗಿನದನ್ನು ನೋಡಬೇಕು, ಹೊರಗಿನದು ಆಮೇಲೆ ಎಂದುಕೊಂಡೆ, ಆದರೆ ಹೊರಗಿನದನ್ನು ಆರಿಸುವವರು ಐದು ಜನ, ಸ್ಟಾಫ್‌ರೂಮಿನಲ್ಲಿ ಒಂದು ಮೊಬೈಲಿಗೆ ಐದು ತಲೆ, ಹೊಲಿದ ಕಚ್ಚೆ ಸೀರೆ, ಕೆನೆ ಬಣ್ಣದ ಕುಪ್ಪಸ, ಫ್ರೀ ಸೈಜ್, ಎಲ್ಲರಿಗೂ ಒಪ್ಪುತ್ತದೆ, ಫೋಟೋದಲ್ಲಿ ಹಲ್ಲುಜ್ಜುವ ಬ್ರಷ್ಷಿನಂಥ ಹುಡುಗಿ, ಅವಳಿಗೆ ಗೋಣಿಚೀಲವೂ ಒಪ್ಪುತ್ತದೆ, ಕೆಳಗೆ ಅಭಿಪ್ರಾಯಗಳು, ಬಟ್ಟೆ ಮೆತ್ತಗಿದೆ, ಹೆಂಡತಿ ಖುಷಿಯಾಗಿದ್ದಾಳೆ, ಬರೆದವನು ಗಂಡ, ಅವಳ ಖುಷಿಗೂ ಇವನೇ ಸಹಿ. ಒಳಗ ಕಪ್ ಹೊಲದಾರಂತ ಅಕ್ಕಾ, ಬ್ಯಾರೆ ಬ್ರಾ ಬ್ಯಾಡಂತ, ಎಂದಳು ಪೂನಮ, ಬಂದ ಮೇಲೆ ನೋಡಿದರೆ ಇಡ್ಲಿಯಂಥ ಎರಡು ಸ್ಪಂಜು, ಒಂದು ಕಂಕುಳಿಗೆ ಬರುತ್ತದೆ, ಇನ್ನೊಂದು ಎಲ್ಲಿಗೂ ಬರುವುದಿಲ್ಲ, ಕತ್ತರಿಸಿ ತೆಗೆದೆ, ಅಡಿಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿಯಲು ಚೆನ್ನಾಗಿವೆ. ಇನ್ನು ನಮ್ಮ ಬಾಪುಸಾಹೇಬನ ಲೇಡೀಸ್ ಕಾರ್ನರ್, ಪೇಟೆಯಲ್ಲಿ ಹೆಂಗಸರ ಎದೆಯ ಸರ್ವಾಧಿಕಾರಿ, ನಂಬರ್ ಹೇಳಬ್ಯಾಡ್ರಿ ಮೇಡಮ್, ನಾ ನೋಡಿದ ಕೂಡಲೆ ಹೇಳತೀನಿ, ಮೂವತ್ತೆಂಟು, ಕಪ್ ಯಾವುದು ಎಂದು ಕೇಳಿದೆ, ಕಪ್ ಗಿಪ್ ಎಲ್ಲಾ ಪುಣೆ ಮುಂಬೈದಾಗರಿ, ಇಲ್ಲಿ ಎಲ್ಲಾರೂ ಬಿ ನ, ತೊಟ್ಟರೆ ಹಿಂದಿನ ಪಟ್ಟಿ ಹೆಗಲಿನವರೆಗೆ ಏರುತ್ತದೆ, ಮುಂದೆ ಎಲ್ಲ ಇಳಿಯುತ್ತದೆ, ಇಷ್ಟು ವರ್ಷ ಅದನ್ನೇ ತೊಟ್ಟಿದ್ದೇನೆ, ತಪ್ಪು ನನ್ನ ಮೈಯದು ಎಂದುಕೊಂಡು. ಗಂಡನಿಗೆ ಹೇಳಿದರೆ, ಒಳಗಿನದಲ್ಲೇನ, ಯಾರ ನೋಡತಾರ, ಏನಾರ ಹಾಕ್ಕೊ — ಈ ಶಿವರಾಜ ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿನ ಮೂತಿ ಕೂದಲಿನಷ್ಟು ಸಡಿಲವಾಯಿತೆಂದು ಸಾಂಗಲಿಗೆ ಮತ್ತೆ ಮತ್ತೆ ಓಡಿದವನು, ಪಂಪಿಗೆ ಅಳತೆ ಇದೆ, ಹೆಂಡತಿಗೆ ಏನಾರ.

ಆಗ ಬಾಗಿಲ ಚಿಲಕ ಹಾಕಿ, ಹೊಲಿಗೆ ಮಷೀನಿನ ಟೇಪು ತೆಗೆದು, ಎದೆಯ ಕೆಳಗೆ ಸುತ್ತಿದೆ, ಮೂವತ್ತನಾಲ್ಕು, ಎದೆಯ ಮೇಲೆ ಸುತ್ತಿದೆ, ಮೂವತ್ತೆಂಟು, ಒಂದರಲ್ಲಿ ಒಂದನ್ನು ಕಳೆದರೆ ಕಪ್ ಸಿಗುತ್ತದೆ, ನಾಲ್ಕು ಅಂದರೆ ಡಿ, ಇಷ್ಟೇ, ಮೂರನೆಯ ಇಯತ್ತೆಯ ಲೆಕ್ಕ, ಎಂ.ಎ. ಓದಿದವಳು, ಹಳಗನ್ನಡ ಪಾಠ ಮಾಡುವವಳು, ಇಷ್ಟು ವರ್ಷ ಈ ಕಳೆಯುವ ಲೆಕ್ಕ ಮಾಡದೆ ಬಾಪುಸಾಹೇಬನ ಕಣ್ಣನ್ನು ನಂಬಿದ್ದೆ, ಥೂ. ಮೂವತ್ತನಾಲ್ಕು ಡಿ, ಬೆನ್ನು ತಗ್ಗಿದ್ದು, ಮೈಬಣ್ಣದ್ದು, ಪಟ್ಟಿಗೆ ಪ್ಲಾಸ್ಟಿಕ್ ಉಂಗುರ ಇರಕೂಡದು, ಲೋಹದ್ದು, ಹುಡುಕಿ ಹುಡುಕಿ ಮೊಬೈಲಿನಲ್ಲಿ ತರಿಸಿದೆ, ಪಾರ್ಸೆಲ್ಲು ನಮ್ಮೂರು ಅಂಕಲಿಯ ಮನೆಗೆ ಬಂದಾಗ ನಾನು ಚಿಕ್ಕೋಡಿಯಲ್ಲಿ ಕಾಲೇಜಿನಲ್ಲಿದ್ದೆ, ಮನೆಯಲ್ಲಿದ್ದವಳು ಅತ್ತೆ. ಕಾಳವ್ವ, ಪಾರ್ಸೆಲ್ಲು ಯಾರದೇ ಇರಲಿ ಈಳಿಗೆಯಿಂದ ಸೀಳಿ ನೋಡುವವಳು, ಸೀಳಿದ್ದಾಳೆ, ನೋಡಿದ್ದಾಳೆ, ದೇವರ ಮುಂದೆ ಇಟ್ಟಿದ್ದಾಳೆ, ನಾನು ಬಂದು ನೋಡಿದರೆ ಊದುಬತ್ತಿಯ ಪಕ್ಕದಲ್ಲಿ ನನ್ನ ಬ್ರಾ, ಎಡಗಡೆಯ ಕಪ್ಪಿನ ನಟ್ಟನಡುವೆ ನೀರಲ್ಲಿ ಕಲಸಿ ಇಟ್ಟ ಕುಂಕುಮ, ಕಡಲೆಕಾಳಿನಷ್ಟು, ದುಂಡಗೆ, ಒದ್ದೆ. ಅತ್ತಿ ಇದೇನ ಮಾಡೀರಿ, ಯಾಕವ್ವಾ, ಹೊಸಾ ಬಟ್ಟಿಗೆ ಕುಂಕುಮ ಹಚ್ಚದ ಹಾಕ್ಕೊಂತಾರೇನ, ಸೀರಿ ಆದ್ರ ಸೆರಗಿಗೆ ಹಚ್ಚಬೇಕು, ಧೋತರ ಆದ್ರ ಅಂಚಿಗೆ, ಈ ಬಾಡಿಗೆ ಅಂಚ ಎಲ್ಲೈತಿ, ಮೂಲೀನೂ ಇಲ್ಲ, ಹುಡುಕ್ಯಾಡಿ ಸಾಕಾತು, ನಡುವ ಹಚ್ಚಿದೆ. ಎಡಕ್ಯಾಕ್ರಿ, ಎಡಕ್ಕ ಜೀವ ಇರತೈತೆಲ್ಲ. ಬಾಡಿ, ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು, ನನ್ನ ಪಾಠದಲ್ಲಿ ಬಾಡುವುದು ಹೂವು, ಸೊಪ್ಪು, ಮುಖ, ಕಾವ್ಯದಲ್ಲಿ ಕಂಚುಕ ಎಂಬ ಶಬ್ದ ಬಂದರೆ ಹಿಂದಿನ ಬೆಂಚು ಕಿಸಕ್ ಎನ್ನುತ್ತದೆ, ಅರ್ಥ ಕುಪ್ಪಸ, ಮುಂದಿನ ಸಾಲು, ಎಂದು ಓಡುತ್ತೇನೆ, ಇಷ್ಟೆಲ್ಲ ಶಬ್ದ ಬಲ್ಲವಳು ಊದುಬತ್ತಿಯ ಪಕ್ಕದಿಂದ ಬಾಡಿಯನ್ನು ಎತ್ತಿಕೊಂಡು ಕೋಣೆಗೆ ನಡೆದೆ.

ತೊಟ್ಟು ನೋಡಿದೆ, ಅದೇ ಅನ್ಯಾಯ, ಅಳತೆ ಸರಿಯಾಗಿತ್ತು. ಕೈ ಎತ್ತಿದೆ, ಪಟ್ಟಿ ಏರಲಿಲ್ಲ, ಬಗ್ಗಿದೆ, ಏನೂ ಜಾರಲಿಲ್ಲ, ಜಿಗಿದೆ, ಮತ್ತೆ ಜಿಗಿದೆ, ಮಂಚದ ಮೇಲೆ ಹತ್ತಿ ಕೆಳಗೆ ಜಿಗಿದೆ, ಹೊರಗಿನಿಂದ ಕಾಳವ್ವ, ಏನ ಬಿತ್ತ ಬೇ, ಏನೂ ಬಿದ್ದಿಲ್ರಿ ಅತ್ತಿ, ನಿಜಕ್ಕೂ ಏನೂ ಬಿದ್ದಿರಲಿಲ್ಲ, ನನ್ನ ಜನ್ಮದಲ್ಲಿ ಮೊದಲ ಸಲ. ಬದಲಾಯಿಸಿ ತರಿಸೋಣವೆಂದರೆ ಕಲೆಯಾದದ್ದನ್ನು ಕಂಪನಿ ವಾಪಸು ತೆಗೆದುಕೊಳ್ಳುವುದಿಲ್ಲ, ಇನ್ನೊಂದು ತರಿಸಲು ದಿನವಿಲ್ಲ, ಸಾಬೂನು ಹಚ್ಚಿ ತಿಕ್ಕಿದೆ, ಅರಿಶಿನದ ಕುಂಕುಮವಾಗಿದ್ದರೆ ಹೋಗುತ್ತಿತ್ತು, ಇದು ಪುಡಿಕೆಯಲ್ಲಿ ಬರುವ ಬಣ್ಣ, ಭಕ್ತಿಯೂ ಈಗ ಪುಡಿಕೆಯಲ್ಲೇ, ಕಡಲೆಕಾಳಿನಷ್ಟಿದ್ದುದು ರೂಪಾಯಿಯಷ್ಟಾಯಿತು, ನೀರು ತಾಗಿದಾಗಲೆಲ್ಲ ಮತ್ತೆ ಹೊಸದಾಗಿ ಕೆಂಪು ಬಿಡುತ್ತದೆ, ಬೆವರೂ ನೀರೇ. ಒಗದೇನ, ಒಮ್ಮೆ ಹಾಕ್ಕೊಂಡ ಮ್ಯಾಲ ಒಗೀಬೇಕವ್ವಾ, ಎಂದು ಕಾಳವ್ವ ಮುಖ ಸಣ್ಣದು ಮಾಡಿಕೊಂಡಳು, ಮತ್ತೆ ಅದನ್ನು ಹಗ್ಗದ ಮೇಲೆ ತನ್ನ ಸೀರೆಯ ಕೆಳಗೆ ಮುಚ್ಚಿ ಒಣಹಾಕಿದವಳೂ ಅವಳೇ, ಗಂಡಸರು ಅಡ್ಡಾಡುತ್ತಾರೆ ಎಂದು, ದೇವರು ನೋಡಬಹುದು, ಬಿಸಿಲು ನೋಡಕೂಡದು.

ಪೂನಮ ಕೊನೆಯ ಪಿನ್ನು ಚುಚ್ಚಿದಳು, ಚೀಲದಲ್ಲಿ ಬಾಪುಸಾಹೇಬನ ಮೂವತ್ತೆಂಟೂ ಇದೆ, ಬೆಳ್ಳಗೆ, ಕಲೆಯಿಲ್ಲದೆ, ಸಂಭಾವಿತ, ಈಗಲೂ ಬದಲಾಯಿಸಬಹುದು, ಕಲೆಯಿಲ್ಲದ್ದು ಜಾರುತ್ತದೆ, ಜಾರದ್ದಕ್ಕೆ ಕಲೆ, ಹೊಟ್ಟೆನೋವೆಂದು ಕುಳಿತುಬಿಡಬಹುದು, ಹೆಂಗಸರ ಹೊಟ್ಟೆನೋವಿಗೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ — ಏನ ಅಕ್ಕಾ, ಬೆವರಾಕತ್ತೀಯೆಲ್ಲ ಈಗ, ನಡೀ, ನಮ್ಮ ಹೆಸರ ಕರದ್ರು, ನಡೆದೆ, ಕಾಲು ನಡೆದವು. ದೀಪ, ಕಣ್ಣಿಗೆ ಹೊಡೆಯುವ ದೀಪ, ಅದರಾಚೆ ಹಣೆಗಳು, ಸಾಲು ಸಾಲು ಹಣೆ, ಪ್ರತಿ ಹಣೆಗೂ ಕುಂಕುಮ, ಹೆಂಗಸರದಷ್ಟೇ ಕಾರ್ಯಕ್ರಮ ಎಂದಿದ್ದರು, ಧ್ವನಿವರ್ಧಕದವರು ಗಂಡಸರು, ಕುರ್ಚಿಯವರು ಗಂಡಸರು, ಮೊಬೈಲು ಎತ್ತಿದ ಕೈಗಳಿಗೆ ಗಂಡು ಹೆಣ್ಣು ಇಲ್ಲ, ಮೊದಲ ಸಾಲಿನಲ್ಲಿ ಕಾಳವ್ವ, ತಲೆಯ ಮೇಲೆ ಸೆರಗು, ಮಡಿಲಲ್ಲಿ ಎಳ್ಳುಬೆಲ್ಲ, ಢೋಲಕಿ ಶುರುವಾಯಿತು. ಹೆಜ್ಜೆ ಮರೆತಿಲ್ಲ, ಇಷ್ಟು ವರ್ಷದ ಮೇಲೂ, ಸೊಂಟ ಮರೆತಿಲ್ಲ, ಜಿಗಿದೆ, ಎಲ್ಲ ಇದ್ದಲ್ಲೇ ಇದೆ, ಬಾಪುಸಾಹೇಬ, ನೋಡು, ಮೂವತ್ತನಾಲ್ಕು, ಡಿ, ನಿನ್ನ ಕಣ್ಣಿಗೆ ಮಣ್ಣು ಬೀಳಲಿ, ಬಲಕ್ಕೆ ಸುತ್ತು, ಎಡಕ್ಕೆ ಸುತ್ತು, ಕುತ್ತಿಗೆಯಿಂದ ಬೆವರು ಇಳಿಯುತ್ತಿದೆ, ಇಳಿಯುವುದು ಗೊತ್ತಾಗುತ್ತಿದೆ, ಅದು ಎಲ್ಲಿಗೆ ಹೋಗುತ್ತದೆಂದೂ ಗೊತ್ತು, ಆ ಜಾಗ ಬಂತು, ಎರಡೂ ಕೈ ಮೇಲೆತ್ತುವ ಜಾಗ, ಎತ್ತಿದೆ, ಕೆಳಗೆ ನೋಡಿದೆ, ನೋಡಬಾರದಿತ್ತು, ಬಂದಿದೆ, ಕೆನೆ ಬಣ್ಣದ ಮೇಲೆ, ಎಡಕ್ಕೆ, ಮೊದಲು ಒದ್ದೆ, ಆಮೇಲೆ ಗುಲಾಬಿ, ಈಗ ಕೆಂಪು, ದುಂಡಗೆ, ಎರಡನೆಯ ಸಾಲಿನಲ್ಲಿ ಒಬ್ಬಳು ಇನ್ನೊಬ್ಬಳನ್ನು ಮೊಳಕೈಯಿಂದ ತಿವಿದಳು, ಮೊಬೈಲುಗಳು ಇನ್ನೂ ಮೇಲೇರಿದವು, ಕೈಗಳು ತಾವಾಗಿಯೇ ಇಳಿಯುತ್ತಿವೆ, ಕತ್ತರಿಗೆ, ಹಳೆಯ ಕತ್ತರಿಗೆ, ಅಷ್ಟರಲ್ಲಿ ಕಾಳವ್ವ ಪಕ್ಕದವಳ ಕಡೆ ತಿರುಗಿ, ಗದ್ದ ಎತ್ತಿ, ನನ್ನ ಎದೆಯ ಕಡೆ ಬೆರಳು ಮಾಡಿ ಏನೋ ಹೇಳುತ್ತಿದ್ದಾಳೆ, ಢೋಲಕಿಯಲ್ಲಿ ಕೇಳಿಸುವುದಿಲ್ಲ, ತುಟಿ ಕಾಣುತ್ತದೆ, ನಾನ ಹಚ್ಚೇನಿ, ನಾನ, ಊರನ್ನೇ ಗೆದ್ದವಳ ಹಾಗೆ, ಹುಚ್ಚು ಮುದುಕಿ, ಇಡೀ ಕಾರ್ಯಾಲಯದಲ್ಲಿ ಈ ಕಲೆಗೆ ನಾಚದವಳು ಅವಳೊಬ್ಬಳೇ, ಅವಳ ಹಣೆಯ ಮೇಲೆ ಅದೇ ಕೆಂಪು, ಅದೇ ಪುಡಿಕೆಯದು, ಕೈ, ನನ್ನ ಕೈ, ಇಳಿದಿಲ್ಲ, ಮೇಲೇ ಇವೆ, ಇರಲಿ, ನೋಡಿಕೊಳ್ಳಲಿ, ಒನ್ಸ್ ಮೋರ್ ಅನ್ನಲಿ, ಮೇಲೆ ಎರಡು ಕೈ, ಕೆಳಗೆ ಅಂಚಿಲ್ಲದ ಬಟ್ಟೆ, ಅದರ ನಡುವೆ, ಎಡಕ್ಕೆ, ಕೆಂಪು, ದುಂಡಗೆ, ಒದ್ದೆ —