ಹಾಡುವ ದಿನದ ಮೌನ

ಗೆರ್ಲಿಂಡ್ ಆಶೋಫ್ ನಡೆದು ಬರುವುದನ್ನು ದೂರದಿಂದ ಕಂಡವರಿಗೆ, ಈಕೆ ತುಂಬಿದ ಕೊಡವೊಂದನ್ನು ತನ್ನೊಳಗೇ ಹೊತ್ತು ತರುತ್ತಿದ್ದಾಳೆ ಅನ್ನಿಸುತ್ತಿತ್ತು. ದೊಡ್ಡ ಆಳು, ಅಗಲ ಭುಜ. ಆದರೂ ಹೆಜ್ಜೆ ಊರುವಾಗ ಎಲ್ಲಿ ತುಳುಕೀತೋ ಎಂಬ ಎಚ್ಚರ. ಮೇ ತಿಂಗಳಲ್ಲೂ ಬಿಚ್ಚದ ಕಂದು ಉಣ್ಣೆಯ ಕೋಟು, ಕುತ್ತಿಗೆಗೆ ಎರಡು ಸುತ್ತು ಶಾಲು, ಜೇಬಿನಲ್ಲಿ ಹೆಚ್ಚಿ ಒಣಗಿಸಿದ ಸೇಬಿನ ಚೂರು. ವೇಸರ್ ನದಿಯ ದಡದ ಆ ನಡುತರದ ಊರಿನ ಒಪೇರಾ ರಂಗಮಂದಿರದಲ್ಲಿ ಆಕೆ ಸೊಪ್ರಾನೊ. ಹೆಂಗಸಿನ ಕಂಠ ಏರಬಹುದಾದ ತುತ್ತತುದಿಯ ಸ್ವರಗಳೆಲ್ಲ ಆಕೆಯ ಪಾಲಿಗೆ ಬಂದ ದುಡಿಮೆ. ಪಿಯಾನೊ ನುಡಿಸಿ ಗಾಯಕರಿಗೆ ಪಾತ್ರ ಕಲಿಸುವ ಫೋಲ್ಕ್‌ಮಾರ್ ಡೀಸಿಂಗ್ ಆಕೆಯನ್ನು ಮೊದಲ ದಿನದಿಂದಲೂ ಕಂಡವನು.

ಹಾಡಲಿಕ್ಕಿರುವ ದಿನ ಆಕೆ ಮಾತಾಡುತ್ತಿರಲಿಲ್ಲ. ಬೆಳಗ್ಗೆ ಎದ್ದಲ್ಲಿಂದ ಪರದೆ ಏಳುವ ತನಕ ತುಟಿ ಬಿಚ್ಚಿದವಳಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಬೆರಳು ತೋರಿಸಿ ಕೊಳ್ಳುವಳು; ತಾಯಿ ಫೋನ್ ಮಾಡಿದರೆ ರಿಸೀವರಿನ ಮೇಲೆ ಉಗುರಿನಿಂದ ಕುಟ್ಟುವಳು, ಹೌದಿಗೆ ಒಂದು, ಅಲ್ಲಕ್ಕೆ ಎರಡು. ಹಿಂಬಾಗಿಲಿನ ಕಾವಲುಗಾರ ತ್ಸ್ವಿಕ್ ಅಂಥ ದಿನಗಳಿಗಾಗಿಯೇ ಕಾಯುತ್ತಿದ್ದ. “ಫ್ರಾವ್ ಆಶೋಫ್, ನನ್ನ ಮದ್ವೆ ಆಗ್ತೀರಾ? ಸುಮ್ನಿದ್ರೆ ಒಪ್ಪಿಗೆ ಅಂದ್ಕೋತೀನಿ, ಆಮೇಲೆ ಕೇಳ್ಬೇಡಿ” ಎನ್ನುವನು. ಆಕೆ ಕೊಡೆಯ ತುದಿಯಿಂದ ಅವನ ಟೊಪ್ಪಿಯನ್ನು ಕಣ್ಣು ಮುಚ್ಚುವಂತೆ ಕೆಳಕ್ಕೆಳೆದು ಒಳಗೆ ಹೋಗುವಳು.

ಕಸಾಯಿಯವನ ಮಗಳು. ಹಳ್ಳಿಯ ಇಗರ್ಜಿಯ ಮೇಳದಲ್ಲಿ ದನಿ ಪಳಗಿತು. ಸಂಗೀತಶಾಲೆ ಮುಗಿದ ಮೇಲೆ ಊರೂರಿನ ರಂಗಮಂದಿರಗಳಲ್ಲಿ ಸೇವಕಿ, ಸಖಿ, ರಾಣಿಯ ತಂಗಿ. ಕೊನೆಗೆ ಇಲ್ಲಿ ರಾಣಿ. ಒಮ್ಮೆ ಮ್ಯೂನಿಕ್ಕಿನಲ್ಲಿ ಯಾರೋ ಹಾಸಿಗೆ ಹಿಡಿದಾಗ ರೈಲು ಹತ್ತಿ ಹೋಗಿ ಅವರ ಬದಲಿಗೆ ಹಾಡಿದಳು. ಪತ್ರಿಕೆಗಳು ಹೊಗಳಿದವು, ಕಾಯಿಲೆಯಾಕೆ ಗುಣವಾದಳು, ಇವಳು ಮರುದಿನದ ರೈಲಿನಲ್ಲಿ ಮರಳಿದಳು. ಶುಭ ಶುಕ್ರವಾರ ಬಂದರೆ ಚಳಿಗೆ ಕೊರೆಯುವ ಇಗರ್ಜಿಗಳಲ್ಲಿ ಯೇಸುವಿನ ಯಾತನೆಯನ್ನು ಹಾಡುವಳು. ಕೋಟು ಕಳಚಿ ನಿಲ್ಲುವುದು ತನ್ನ ಸರದಿ ಬಂದಾಗ ಮಾತ್ರ. ಯಾರಾದರೂ ಮ್ಯೂನಿಕ್ಕಿನ ಸುದ್ದಿ ಎತ್ತಿದರೆ, “ಹೋಗ್ಲಿ ಬಿಡು, ಇನ್ನೊಂದ್ಸಲ ಮೊದಲಿಂದ ಹಾಡೋಣ” ಅನ್ನುವಳು.

ಆ ನಾಡಿನ ರಂಗಮಂದಿರಗಳಲ್ಲಿ ಒಂದು ಕಟ್ಟಳೆಯಿದೆ. ಒಂದೇ ರಂಗಮಂದಿರದಲ್ಲಿ ಹದಿನೈದು ವರ್ಷ ಹಾಡಿದವರನ್ನು ಮತ್ತೆ ಕೆಲಸದಿಂದ ತೆಗೆಯುವಂತಿಲ್ಲ. ಹಾಗಾಗಿ ನಿರ್ದೇಶಕರು ಆ ಹೊಸ್ತಿಲಿಗೆ ಬರುವ ಮುಂಚೆಯೇ ಗಾಯಕರನ್ನು ಕಳಿಸಿಬಿಡುತ್ತಾರೆ. ಆದರೆ ಕಳಿಸುವ ಮುನ್ನ, ಗಡುವಿನೊಳಗೆ ಕರೆಸಿ ಅವರ ಮಾತನ್ನೂ ಕೇಳಬೇಕು. ಗೆರ್ಲಿಂಡಳ ಸರದಿ ಬಂದದ್ದು ಗಡುವಿನ ಕೊನೆಯ ದಿನದ ಮಧ್ಯಾಹ್ನ. ಅದೇ ಬೆಳಗ್ಗೆ ನಿರ್ದೇಶಕರ ಕಚೇರಿಯಿಂದಲೇ ಇನ್ನೊಂದು ಕರೆ ಬಂತು. ಆಕೆಯ ರಾಣಿಯ ಪಾತ್ರವನ್ನು ಆ ವರ್ಷ ವಹಿಸಿಕೊಂಡಿದ್ದ ಎಳೆಯ ಗಾಯಕಿ ಮರೈಕಳ ಗಂಟಲು ಕೂತಿದೆ. ಈ ಸಂಜೆ ಅವಳು ಬರೇ ಬಾಯಾಡಿಸುತ್ತ ನಟಿಸುತ್ತಾಳೆ, ತಾವು ರಂಗದ ಪಕ್ಕದಲ್ಲಿ ನಿಂತು ಹಾಡಬೇಕು.

ಫೋಲ್ಕ್‌ಮಾರ್ ಕಚೇರಿಯ ಮೆಟ್ಟಿಲಲ್ಲೇ ಅವಳನ್ನು ತಡೆದ. “ಹಾಡಲ್ಲ ಅಂತ ಹೇಳ್ಬಿಡು ಗೆರ್ಲಿಂಡ್. ಇವತ್ತು ನಿನ್ನ ಅನ್ನದ ಪ್ರಶ್ನೆ. ಒಳಗೆ ಹೋಗಿ ಬಾಯಿಬಿಟ್ಟು ಮಾತಾಡು, ಜಗಳ ಆಡು.” ಆಕೆ ಶಾಲನ್ನು ಇನ್ನಷ್ಟು ಬಿಗಿದುಕೊಂಡು ಆಗದೆಂಬಂತೆ ತಲೆಯಾಡಿಸಿದಳು. ಒಂದು ತುಂಡು ಸೇಬು ಅವನ ಕೈಗಿಟ್ಟಳು.

ನಿರ್ದೇಶಕ ಥಾಮ್ ಕೆಟ್ಟವನಲ್ಲ, ದಣಿದವನು. ಹೊಸ ದನಿಗಳು ಬೇಕಾಗಿವೆಯೆಂದು ನೆಲ ನೋಡುತ್ತ ಹೇಳಿದ. ತಮ್ಮ ಅಭಿಪ್ರಾಯವೇನೆಂದು ಕೇಳಿದ. ಜೊತೆಗೆ ಹೋಗಿದ್ದ ಫೋಲ್ಕ್‌ಮಾರನೇ ಬಾಯಿ ಹಾಕಿ, ಸಂಜೆ ಹಾಡಲಿಕ್ಕಿದೆ, ಅದಕ್ಕೆ ಮಾತಾಡುತ್ತಿಲ್ಲ, ದಯವಿಟ್ಟು ಸಂಜೆ ಬಂದು ಕೇಳಿ ಎಂದ.

“ಸಂಜೆ ನಾನು ಊರಲ್ಲಿರಲ್ಲ” ಎಂದ ಥಾಮ್. ತುಸು ಹೊತ್ತು ಕಾದ. ಆತ ಕಾರ್ಯದರ್ಶಿಯ ಕಡೆ ತಿರುಗಿದ. “ಅವ್ರಿಗೆ ಹೇಳೋದೇನೂ ಇಲ್ಲ ಅಂತ ಬರ್ಕೊಳ್ಳಿ.”

ಸಂಜೆ, ರಂಗಕ್ಕೆ ಹೋಗುವವರ ಎಡಭುಜದ ಮೇಲಿಂದ ಮೂರು ಸಲ ಥೂ ಥೂ ಥೂ ಎಂದು ದೃಷ್ಟಿ ತೆಗೆಯುವ ಪದ್ಧತಿಯಂತೆ ಫೋಲ್ಕ್‌ಮಾರ್ ಅವಳಿಗೂ ತೆಗೆದ. ಅದಕ್ಕೆ ಧನ್ಯವಾದ ಹೇಳಬಾರದೆಂಬುದು ರೂಢಿ; ಆಕೆ ಹೇಳಲಿಲ್ಲ. ಕಪ್ಪು ಉಡುಪಿನಲ್ಲಿ, ಕನ್ನಡಕ ಹಾಕಿಕೊಂಡು, ಪುಟ್ಟ ದೀಪವೊಂದರ ಮುಂದೆ ಆಕೆ ನಿಂತಳು. ನಡುರಂಗದಲ್ಲಿ, ಹಿಂದೆಲ್ಲ ತಾನು ಮಂಡಿಯೂರುತ್ತಿದ್ದ ಜಾಗದಲ್ಲಿ ಮಂಡಿಯೂರಿದ ಆ ಹುಡುಗಿಯ ತುಟಿಗಳಿಂದ ಇವಳ ದನಿ ಹೊರಟಿತು. ತುತ್ತತುದಿಯ ಸ್ವರ ಮೊದಲಿನಷ್ಟು ದುಂಡಗಿರಲಿಲ್ಲವೆಂಬುದು ಫೋಲ್ಕ್‌ಮಾರನಿಗೆ ಕೇಳಿಸಿತು. ಆದರೆ ಮೇಲಿಂದ ಇಳಿದು ಬರುವಾಗ, ಇಡೀ ದಿನ ಆಡದೆ ಉಳಿದದ್ದೆಲ್ಲ ಅದರಲ್ಲಿತ್ತು. ಮರೈಕ ನಟಿಸುವುದನ್ನು ಮರೆತು ಅಳುತ್ತಿದ್ದಳು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಬಿದ್ದ ಮೇಲೆ ಆಕೆ ಕೋಟು ತೊಟ್ಟು, ಫೋಲ್ಕ್‌ಮಾರನ ಹತ್ತಿರ ಬಂದು ದಿನದ ಮೊದಲ ಮಾತಾಡಿದಳು:

“ಆ ಹುಡುಗಿ ಎರಡನೇ ಅಂಕದಲ್ಲಿ ಉಸಿರು ತಗೊಳ್ಳೋ ಜಾಗ ತಪ್ಪು ಕಣೋ. ಅದಕ್ಕೇ ಗಂಟಲು ಕೂತಿರೋದು. ನಾಳೆ ಬೆಳಗ್ಗೆ ಕರ್ಕೊಂಡು ಬಾ, ತೋರಿಸ್ಕೊಡ್ತೀನಿ.”

“ನಿನ್ನ ಕೆಲಸ ಹೋಯ್ತಲ್ಲೇ, ಗೆರ್ಲಿಂಡ್.”

“ಗೊತ್ತು. ನಾಳೆ ಜಗಳ ಆಡೋಣ ಬಿಡು. ನಾಳೆ ಹಾಡೋದೇನಿಲ್ಲ.”

ನಾಳೆಗೆ ಗಡುವು ದಾಟಿರುತ್ತದೆ, ಆಮೇಲೆ ಆಡಿದ ಮಾತನ್ನು ಯಾರೂ ಕೇಳಬೇಕಿಲ್ಲವೆಂಬುದು ಇಬ್ಬರಿಗೂ ತಿಳಿದಿತ್ತು. ನದಿಯ ದಡದ ಇಂಥ ಊರುಗಳಲ್ಲೆಲ್ಲ ಇಂಥವರು ಇರುತ್ತಾರೆ. ಅವರ ಹೆಸರು ಭಿತ್ತಿಪತ್ರದಲ್ಲಿ ಒಂದಷ್ಟು ವರ್ಷ ಇದ್ದು ಹೋಗುತ್ತದೆ. ಅವರು ಸೋತವರಲ್ಲ, ಗೆದ್ದವರೂ ಅಲ್ಲ. ರಾಣಿಯರ, ತಾಯಂದಿರ, ವಿರಹಿಣಿಯರ ದುಃಖಕ್ಕೆಲ್ಲ ತಮ್ಮ ದನಿಯನ್ನು ಸುರಿದು ಸುರಿದು, ತಮ್ಮ ಪರವಾಗಿ ಆಡಬೇಕಾದ ಒಂದು ಮಾತಿಗೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಅದು ಮೂರ್ಖತನವೆಂಬ ಮಾತು ಫೋಲ್ಕ್‌ಮಾರನ ಬಾಯಿಗೆ ಎಷ್ಟೋ ಸಲ ಬಂದಿದೆ. ಅವರು ಹಾಡುವುದನ್ನು ಕೇಳುತ್ತ ಕೂತಾಗ ಮಾತ್ರ ಬಂದಿಲ್ಲ.