ಬಿಳಿ ಅಂಚಿನ ಎಳೆ

ಸುಮ್ಮನೆ ಓಡುತ್ತಿರುವ ಗಾಡಿಗೆ ಕೈ ಹಚ್ಚಬೇಡ ಎಂದು ಶಹಾಪುರದ ಮಿಸ್ತ್ರಿ ಯೂನುಸ ಚಾಚಾ ನನಗೆ ನೂರು ಸಲ ಹೇಳಿದ್ದರು. ಕೇಳುವ ಕಿವಿ ನನಗಿದ್ದರೆ ತಾನೆ. ಪರೀಕ್ಷೆಯ ದಿನವೇ ಬೆಳಿಗ್ಗೆ ಎದ್ದು, ಗಟ್ಟಿಮುಟ್ಟಾಗಿದ್ದ ಮೋಟಾರಿನ ಕಾರ್ಬುರೇಟರ್ ಬಿಚ್ಚಿದೆ. ಪೆಟ್ರೋಲಿನಲ್ಲಿ ತೊಳೆದೆ, ತಿಕ್ಕಿ ತಿಕ್ಕಿ ಒರೆಸಿದೆ, ಮತ್ತೆ ಕೂಡಿಸಿದೆ. ಸಾಹೇಬರು ಬಾನೆಟ್ ಎತ್ತಿದರೆ ನನ್ನ ಅಚ್ಚುಕಟ್ಟು ನೋಡಿ ಮೆಚ್ಚಲಿ ಎಂಬ ಹುಚ್ಚು ನನಗೆ.

ನಿಜಾಮನ ಆಳ್ವಿಕೆ ಮುಗಿದು ಒಂದು ವರ್ಷವಾಗಿತ್ತು. ಉರ್ದು ಮೊಹರಿನ ಹಳೆಯ ಲೈಸೆನ್ಸು ಇದ್ದವರೆಲ್ಲ ಯಾದಗಿರಿಗೆ ಬಂದು ಹೊಸ ಸಾಹೇಬರ ಮುಂದೆ ಗಾಡಿ ನಡೆಸಿ ತೋರಿಸಬೇಕೆಂದು ಹುಕುಂ ಬಂದಿತ್ತು. ಹಿಂದಿನ ದಿನ ಪಾಸಾಗಿ ಬಂದವರು ಹೇಳಿದ್ದು ಇಷ್ಟು: ಸಾಹೇಬರು ಎಂಜಿನ್ ಚಾಲೂ ಇರಿಸಿಯೇ ಡ್ರೈವರನನ್ನು ಕೆಳಗಿಳಿಸುತ್ತಾರೆ, ನಾಲ್ಕು ಪ್ರಶ್ನೆ ಕೇಳುತ್ತಾರೆ, ಅಷ್ಟರೊಳಗೆ ಎಂಜಿನ್ ಬಂದಾದರೆ ಮನೆಯ ದಾರಿ ತೋರಿಸುತ್ತಾರೆ. ಮೋಟಾರಿನ ಮಾಲಕರು ರಂಗಂಪೇಟೆಯ ಜಗದೇವಪ್ಪನವರು. ಅವರು ನಿನ್ನೆಯೇ ಯಾದಗಿರಿಗೆ ಹೋಗಿದ್ದರು. ನಾನು ನಪಾಸಾದರೆ ಬೇರೆ ಡ್ರೈವರ್ ಸಿದ್ಧನಿದ್ದಾನೆ ಎಂದು ಹೋಗುವಾಗ ನಗುನಗುತ್ತಲೇ ಹೇಳಿದ್ದರು.

ಬೇರೆ ಡ್ರೈವರ್ ಬಂದರೆ ನನಗೆ ಉಳಿಯುವುದು ಕುರಿ ಕಾಯುವ ಕೆಲಸ. ನಾನು ಕುರುಬರವನು, ಹೆಸರು ಮಾನಪ್ಪ. ನಮ್ಮಪ್ಪ ಅಮೋಘಸಿದ್ದ ನೂರು ಕುರಿಗಳ ಹಿಂದೆ ಊರೂರು ತಿರುಗುವವನು. ಒಬ್ಬನೇ ಮಗ ಹಿಂಡು ಬಿಟ್ಟು ಮೋಟಾರು ಹತ್ತಿದೆನೆಂದು ಮೂರು ವರ್ಷಗಳಿಂದ ನನ್ನೊಂದಿಗೆ ಮಾತು ಬಿಟ್ಟಿದ್ದ. ಹೊರಟ ದಿನ ಒಂದು ಹೊಸ ಕಂಬಳಿಯನ್ನು ನನ್ನ ಹೆಗಲ ಮೇಲೆ ಎಸೆದಿದ್ದಷ್ಟೆ. ಅವನೆದುರು ಬರಿಗೈಲಿ ಹೋಗಿ ನಿಲ್ಲುವುದಕ್ಕಿಂತ ಭೂಮಿ ಬಾಯಿಬಿಟ್ಟರೆ ಸಾಕು ಎನಿಸುತ್ತಿತ್ತು.

ರಂಗಂಪೇಟೆ ದಾಟುವ ಮೊದಲೇ ಗೊತ್ತಾಯಿತು. ಎಕ್ಸಲೇಟರ್ ಒತ್ತಿದರೆ ಗಾಡಿ ಚೆನ್ನಾಗಿಯೇ ಓಡುತ್ತದೆ, ಕಾಲು ತೆಗೆದರೆ ಎರಡು ಸಲ ಕೆಮ್ಮಿ ಸತ್ತುಹೋಗುತ್ತದೆ. ಕಾಲು ತೆಗೆದಾಗಲೂ ಎಂಜಿನ್ ನಿಧಾನವಾಗಿ ಓಡುತ್ತಿರಬೇಕಲ್ಲ, ಆ ಸ್ಲೋ ಉಳಿಯುವುದೇ ಇಲ್ಲ. ಸ್ಲೋದ ಸ್ಕ್ರೂ ತಿರುವಿದೆ, ಬಿಗಿ ಮಾಡಿದೆ, ಸಡಿಲ ಮಾಡಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ಹಾಗೆ ಎಂಜಿನ್ ಬಂದಾಗುತ್ತಿತ್ತು. ಒಬ್ಬನೇ ಇದ್ದುದರಿಂದ ಪ್ರತಿ ಸಲ ಎಕ್ಸಲೇಟರ್ ಮೇಲೆ ಒಂದು ಕಲ್ಲಿಟ್ಟು, ಮುಂದೆ ಹೋಗಿ ಹ್ಯಾಂಡಲ್ ಹೊಡೆದು ಎಂಜಿನ್ ಚಾಲೂ ಮಾಡಿ, ಗಾಡಿ ಅರಚಾಡುವಾಗ ಓಡಿಬಂದು ಕಲ್ಲು ತೆಗೆಯಬೇಕು. ಶಹಾಪುರ ಮುಟ್ಟುವಷ್ಟರಲ್ಲಿ ಐದು ಸಲ ಹೀಗಾಯಿತು. ಯೂನುಸ ಚಾಚಾರ ಶೆಡ್ಡಿಗೆ ಬೀಗ. ಅವರ ಹೆಂಡತಿ ಮಕ್ತುಂಬಿ ಬಾಗಿಲಲ್ಲಿ ನಿಂತು, ಗುಲಬರ್ಗಾಕ್ಕೆ ಮದುವೆಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದರು. ನಾಳೆ ಇಟ್ಟುಕೊಂಡು ನಾನೇನು ಮಾಡಲಿ? ಹನ್ನೆರಡಕ್ಕೆ ನನ್ನ ಪಾಳಿ. ಆಗಲೇ ಒಂಬತ್ತಾಗಿತ್ತು.

ಶಹಾಪುರ ಬಿಟ್ಟು ಎರಡು ಹರದಾರಿ ಹೋಗಿರಬೇಕು. ರಸ್ತೆಗೆ ಅಡ್ಡಲಾಗಿ ಕುರಿ ಹಿಂಡು ಬಂತು. ಕಾಲು ತೆಗೆದೆ, ಎಂಜಿನ್ ಬಂದಾಯಿತು. ತಲೆ ಎತ್ತಿ ನೋಡಿದರೆ ಹಿಂಡಿನ ಹಿಂದೆ ನಮ್ಮಪ್ಪ! ದೇವರಿಗೆ ಆ ದಿನ ಬೇರೆ ಕುರುಬ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

ನಾನು ನೋಡದವನಂತೆ ಬಾನೆಟ್ ಎತ್ತಿದೆ. ಕಾರ್ಬುರೇಟರಿನಿಂದ ಸ್ಲೋ ಜೆಟ್ಟನ್ನು ಬಿಚ್ಚಿದೆ. ಜೋಳದ ಕಾಳಿಗಿಂತ ತುಸು ದೊಡ್ಡದಾದ ಹಿತ್ತಾಳೆ ತುಂಡು ಅದು, ನಡುವೆ ಸ್ಲೋಗೆ ಪೆಟ್ರೋಲ್ ಹಾಯುವ ಸೂಜಿ ಮೊನೆಯಷ್ಟು ತೂತು. ಬಿಸಿಲಿಗೆ ಹಿಡಿದರೆ ತೂತಿನಲ್ಲಿ ಬೆಳಕು ಕಾಣಲಿಲ್ಲ. ಅಗಲ ಬಾಯಿಗೆ ತುಟಿಯಿಟ್ಟು ಊದಿದೆ. ಗಲ್ಲ ನೋಯುವ ತನಕ ಊದಿದೆ. ಬೆಳಕು ಕಾಣಲೇ ಇಲ್ಲ. ತಂತಿ ಹಾಕೋಣವೆಂದರೆ, ತೂತು ದೊಡ್ಡದಾದರೆ ಜೆಟ್ಟೇ ಹಾಳು ಎಂದು ಚಾಚಾ ಹೆದರಿಸಿದ್ದರು. ಕೈ ಜಾರಿ ಜೆಟ್ಟು ಒಮ್ಮೆ ಮಣ್ಣಿಗೆ ಬಿತ್ತು. ಮೊಣಕಾಲೂರಿ ಅದನ್ನು ಹುಡುಕಿ ಎತ್ತಿಕೊಂಡಾಗ, ಪಕ್ಕದಲ್ಲಿ ಅಪ್ಪನ ಕೆರದ ಕಾಲು ಕಂಡಿತು.

ಏನಾಗಿದೆ ಎಂದು ಕೇಳಿದ. ಮೂರು ವರ್ಷಗಳ ನಂತರದ ಮೊದಲ ಮಾತು. ನನಗೆ ಅಳುವೇ ಬಂತು. ಪರೀಕ್ಷೆ, ಸಾಹೇಬರು, ಜಗದೇವಪ್ಪನವರು ತಯಾರಿಟ್ಟ ಬೇರೆ ಡ್ರೈವರ್, ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಾನು ನಪಾಸಾದರೆ ಹಿಂಡು ಕಾಯಲು ಮಗ ಸಿಗುವುದು ಅವನಿಗೇ ತಾನೆ?

ಅಪ್ಪ ಜೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದ. ಯಾವ ಕಡೆಯಿಂದ ಊದಿದೆ ಎಂದು ಕೇಳಿದ. ತೋರಿಸಿದೆ.

“ಊದಿ ಊದಿ ಒಳಗ ತುರುಕೀದಿ,” ಅಂದ. “ಹುಟ್ಟಿದ ಮರಿ ಮೂಗು ಕಟ್ಟಿದ್ರ ಊದ್ತೀವೇನು? ಹೀರ್ತೀವಿ.”

ಅದನ್ನು ನಾನು ಮರೆಯುವ ಹಾಗೆಯೇ ಇರಲಿಲ್ಲ. ಉಸಿರಾಡದ ಮರಿಯ ಮೂಗಿಗೆ ಬಾಯಿಟ್ಟು ಸಿಂಬಳ ಹೀರಿ ಉಗುಳುವುದನ್ನು ಅಪ್ಪನಿಂದಲೇ ಕಲಿತವನು ನಾನು. ಅವನು ಜೆಟ್ಟಿನ ಅಗಲ ಬಾಯನ್ನು ತುಟಿಗಿಟ್ಟು ಕಣ್ಣು ಮುಚ್ಚಿ ಹೀರಿದ. ಒಂದು ಸಲ, ಎರಡು ಸಲ. ಮೂರನೆಯ ಸಲ ಪೆಟ್ರೋಲಿನ ಕಹಿಗೆ ಮುಖ ಕಿವುಚಿ ಅಂಗೈಗೆ ಉಗುಳಿದ. ಉಗುಳಿನಲ್ಲಿ ಬೆರಳಿನ ಉಗುರಿನಷ್ಟು ಉದ್ದದ ಉಣ್ಣೆಯ ಎಳೆ ಇತ್ತು. ಬಿಳಿಯದು.

ಅಪ್ಪ ಎಳೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನು ಕೊಟ್ಟ ಕಂಬಳಿ ಪೂರ್ತಿ ಕರಿಯದು, ಅಂಚಿಗೆ ಮಾತ್ರ ಬಿಳಿ ಉಣ್ಣೆ. ಅಂಥ ಅಂಚನ್ನು ಇಡೀ ಸುರಪುರ ಸೀಮೆಯಲ್ಲಿ ಅವನೊಬ್ಬನೇ ಹಾಕುತ್ತಿದ್ದ. ಪೆಟ್ರೋಲ್ ಚೆನ್ನಾಗಿ ಹೀರುತ್ತದೆಂದು ಅದೇ ಅಂಚನ್ನು ನಾನು ಬೆಳಿಗ್ಗೆ ಗೇಣುದ್ದ ಹರಿದು ಒರೆಸಲು ಬಳಸಿದ್ದೆ.

“ಹರದಿಯೇನು?” ಅಂದ.

ಹೂಂ ಎಂದೆ. ನಾಚಿಕೆಯಿಂದ ಸತ್ತೆ. ಅವನು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ತಲೆಯ ರುಮಾಲು ಬಿಚ್ಚಿ, ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದು ನನ್ನ ಕೈಗೆ ಕೊಟ್ಟ. ತೊಳೆದೂ ತೊಳೆದೂ ಸವೆದ ಅರಿವೆ, ಇದು ಎಳೆ ಬಿಡುವುದಿಲ್ಲ, ಇದರಿಂದ ಒರೆಸಿ ಕೂಡಿಸು ಎಂದ. ಮದುವೆಯಲ್ಲೂ ಸಾವಿನಲ್ಲೂ ಅವನ ತಲೆಯಿಂದ ಇಳಿಯದ ರುಮಾಲು ಅದು.

ಜೆಟ್ಟು ಕೂಡಿಸಿ ಹ್ಯಾಂಡಲ್ ಹೊಡೆದೆ. ಈ ಸಲ ಕಲ್ಲು ಇಡಲಿಲ್ಲ. ಎಂಜಿನ್ ಹಿಡಿಯಿತು, ಒಮ್ಮೆ ತಡವರಿಸಿತು. ಆಮೇಲೆ ಗುಡುಗುಡು ಎಂದು ತನ್ನಷ್ಟಕ್ಕೆ ಓಡತೊಡಗಿತು. ಸ್ಕ್ರೂ ತುಸು ತಿರುವಿ ಸರಿಮಾಡಿಕೊಂಡೆ. ಅಪ್ಪ ಬಾನೆಟ್ ಮೇಲೆ ಕೈಯಿಟ್ಟು ನೋಡಿ, ಕುರಿಗಳನ್ನು ರಸ್ತೆಯಿಂದ ಆಚೆಗೆ ಅಟ್ಟಿದ.

ಯಾದಗಿರಿಯಲ್ಲಿ ಸಾಹೇಬರು ನನ್ನನ್ನು ಕೆಳಗಿಳಿಸಿ ನಾಲ್ಕಲ್ಲ, ಹತ್ತು ಪ್ರಶ್ನೆ ಕೇಳಿದರು. ಮಧ್ಯೆ ಒಮ್ಮೆ ಚಹಾ ಕುಡಿಯಲು ಹೋದರು. ಅವರು ತಿರುಗಿ ಬರುವ ತನಕ ನನ್ನ ಬೆವರು ನಿಲ್ಲಲಿಲ್ಲ, ಎಂಜಿನ್ನೂ ನಿಲ್ಲಲಿಲ್ಲ. ಬಾನೆಟ್ಟನ್ನಂತೂ ಅವರು ಎತ್ತಲೇ ಇಲ್ಲ.

ಇಳಿಹೊತ್ತಿಗೆ ಅದೇ ಜಾಗಕ್ಕೆ ಬಂದಾಗ ಹಿಂಡು ಕಟಾವಾದ ಜೋಳದ ಹೊಲದಲ್ಲಿತ್ತು. ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಬಿಟ್ಟು ಇಳಿದು ಹೋದೆ. ಪಾಸಾದೆ ಎಂದು ಹೇಳಿದೆ. ಅಪ್ಪ ತುಂಡಾದ ರುಮಾಲನ್ನೇ ಸುತ್ತಿಕೊಂಡಿದ್ದ. ತಲೆ ಓರೆ ಮಾಡಿ ರಸ್ತೆಯ ಕಡೆಯಿಂದ ಬರುತ್ತಿದ್ದ ಸದ್ದನ್ನು ಸ್ವಲ್ಪ ಹೊತ್ತು ಕೇಳಿದ.

“ಆ ಕಂಬಳಿ ತಂದು ಕೊಡು,” ಅಂದ. “ಬಿಳಿ ಉಣ್ಣಿ ಇನ್ನಾ ಅದ. ಅಂಚು ಹಾಕಿ ಕೊಡ್ತೀನಿ.”