ಬಚ್ಚಲ ಹೊರಗಿನ ಸ್ಟೂಲು

ನಮ್ಮ ಬಚ್ಚಲುಮನೆ ನಾಲ್ಕಡಿಗೆ ಐದಡಿ. ಎರಡು ವರ್ಷದ ಹಿಂದೆ ಅತ್ತೆ ಅಲ್ಲಿ ಜಾರಿ ಬಿದ್ದರು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಬಿದ್ದ ಅತ್ತೆಯೇ ಅದಕ್ಕೆ ಅಡ್ಡ. ನಾವು ಹೊರಗಿನಿಂದ ತಳ್ಳುತ್ತ, ಅವರು ಒಳಗಿನಿಂದ ಕೂಗುತ್ತ ಅರ್ಧ ಗಂಟೆ ಹೋಯಿತು. ಮೂಳೆಗೇನೂ ಆಗಲಿಲ್ಲ, ಧೈರ್ಯ ಮಾತ್ರ ಹೋಯಿತು. ಬಾಗಿಲು ಹಾಕಿದರೆ ಗೋಡೆಗಳು ಮೈಮೇಲೆ ಬಂದಂತಾಗುತ್ತದೆ ಅನ್ನತೊಡಗಿದರು. ಅಂದಿನಿಂದ ಅವರು ಬಾಗಿಲು ಓರೆ ಮಾಡಿಕೊಂಡು ಸ್ನಾನ ಮಾಡುವುದು, ನಾನು ಹೊರಗೆ ಸ್ಟೂಲು ಹಾಕಿಕೊಂಡು ಕಾವಲು ಕೂರುವುದು.

ಅತ್ತೆ ಬಿಗುಮಾನದ ಹೆಂಗಸು. ಬೇರೆ ಹೊತ್ತಿನಲ್ಲಿ ನನ್ನ ಜೊತೆ ಮಾತೆಂದರೆ "ಒಲೆ ಆರಿಸಿದ್ಯಾ?", "ಗೇಟ್ ಹಾಕಿದ್ಯಾ?" ಅಷ್ಟೇ. ಬಚ್ಚಲಲ್ಲಿ ಮಾತ್ರ ಹೆದರಿಕೆ ಮರೆಯಲು ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದರು. ಶಾಲೆಯಲ್ಲಿ ಕದ್ದ ಸೀಮೆಸುಣ್ಣ, ಮದುವೆ ದಿನ ಕಚ್ಚಿದ ಚಪ್ಪಲಿ, ಎಲ್ಲ. ನನ್ನಮ್ಮ ತೀರಿಕೊಂಡಾಗ ನನಗೆ ಐದು ವರ್ಷ. ಅಂಥ ದನಿಗೆ ನಾನೆಷ್ಟು ಹಸಿದಿದ್ದೆ ಅನ್ನುವುದು ಆ ಸ್ಟೂಲಿನ ಮೇಲೆ ಕೂತ ಮೇಲೇ ಗೊತ್ತಾದದ್ದು.

ಹಳೇ ಬಚ್ಚಲಿನ ಕೊನೆಯ ದಿನ ಅವರ ಅಕ್ಕನ ವಿಷಯ ಬಂತು. ಜಗಳವಾಡಿ ಏಳು ವರ್ಷ ಮಾತು ಬಿಟ್ಟಿದ್ದ ಅಕ್ಕ. "ಕಾಗದ ಬರೆದೆ ಕಣೇ. ಪೋಸ್ಟ್ ಡಬ್ಬದ ಮುಂದೆ ಹೋಗಿ ನಿಂತೆ. ನಿಂತೇ ಇದ್ದೆ..." ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಅಳತೆಗೆ ಬಂದ ಟೈಲ್ಸ್ ಮೇಸ್ತ್ರಿ. ಅತ್ತೆಯ ಬಾಯಿ ಬಂದ್.

ಬಚ್ಚಲು ಹೊಸದು ಮಾಡಿಸುವ ಹಟ ನನ್ನದೇ. ಅವರು ಹೆದರದೆ ನಾಲ್ಕು ಚೊಂಬು ನೀರು ಹುಯ್ದುಕೊಳ್ಳಲಿ ಅಂತ. ಅತ್ತೆ ಹದಿನೈದು ದಿನ ಮಗಳ ಮನೆಗೆ ಹೋದರು. ಮೇಸ್ತ್ರಿ ಕಪ್ಪು ಚಿಕ್ಕ ಟೈಲ್ಸ್ ಕಿತ್ತು, ನೆಲಕ್ಕೂ ಗೋಡೆಗೂ ಒಂದೇ ತಿಳಿಬಣ್ಣದ ದೊಡ್ಡ ಟೈಲ್ಸ್ ಹಾಕಿದ. ಸೋಪಿಗೆ ಗೋಡೆಯೊಳಗೇ ಗೂಡು ಕೊರೆದ. ಒಂದು ಗೋಡೆಯ ಉದ್ದಕ್ಕೂ ಕನ್ನಡಿ. ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ.

"ಗೋಡೆ ಒಂದಿಂಚೂ ಸರಿಸಿಲ್ಲ ಅಕ್ಕಾ, ಕಣ್ಣಿಗೆ ಟೋಪಿ ಹಾಕಿದೀನಿ," ಅಂದ.

ಆ ಹದಿನೈದು ದಿನವೂ ನನಗೆ ಪೋಸ್ಟ್ ಡಬ್ಬದ್ದೇ ಚಿಂತೆ. ಫೋನಿನಲ್ಲಿ ಕೇಳೋಣವೆಂದರೆ, "ಗೇಟ್ ಹಾಕಿದ್ಯಾ?" ಅಂತ ಅವರೇ ಶುರು ಮಾಡುತ್ತಿದ್ದರು.

ಅತ್ತೆ ವಾಪಸ್ ಬಂದ ಮರುದಿನ ಬೆಳಿಗ್ಗೆ ನಾನು ಸ್ಟೂಲು ಹಾಕಿಕೊಂಡು ಸಿದ್ಧಳಾದೆ. ಅವರು ಒಳಗೆ ಹೋಗಿ, ಕನ್ನಡಿ ನೋಡಿ, "ಅಯ್ಯೋ, ಇಷ್ಟು ದೊಡ್ಡದಿತ್ತಾ ಇದು!" ಅಂದರು. ಆಮೇಲೆ ಬಾಗಿಲು ಎಳೆದುಕೊಂಡರು. ಚಿಲಕ ಬಿತ್ತು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಒಂದು ಕ್ಷಣ. ಮೇಸ್ತ್ರಿಗೆ ಶಾಪ ಹಾಕೋಣವೆಂದರೆ ಹಟ ಹಿಡಿದವಳು ನಾನೇ.

"ಅತ್ತೆ, ಆ ಕಾಗದ ಡಬ್ಬಕ್ಕೆ ಹಾಕಿದ್ರಾ?" ಎಂದು ಬಾಗಿಲಿಗೆ ಬಾಯಿ ಹಚ್ಚಿ ಕೇಳಿದೆ.

"ಏನಂದೆ? ಏನೂ ಕೇಳಿಸ್ತಿಲ್ಲ ಕಣೇ! ಬಾಗಿಲು ಒಳ್ಳೇ ಗಟ್ಟಿಯಾಗಿದೆ. ನೀನ್ಯಾಕೆ ಕಾಯ್ತಿದ್ದೀಯ, ಹೋಗು, ನಿನ್ನ ಕೆಲಸ ನೋಡ್ಕೋ."

ಅವರ ದನಿ ಅಷ್ಟು ಹಗುರಾಗಿದ್ದನ್ನು ಎರಡು ವರ್ಷದಲ್ಲಿ ಕೇಳಿರಲಿಲ್ಲ. ಒಳಗೆ ನೀರು ಸುರಿಯತೊಡಗಿತು. ಸ್ಟೂಲು ಎತ್ತಿಡಬೇಕೆಂದುಕೊಂಡೆ. ಕೂತೇ ಇದ್ದೆ.